ಬಾಗಿಲ ತೊಟ್ಟಿಯ ಮೀನು

2025ರ ಜನವರಿ 21, ಮಂಗಳವಾರ. ಸಂಜೆ 4.40ಕ್ಕೆ ಸಾಗರದ ಠಾಣೆಗೆ ಬಂದ ಸುರೇಂದ್ರ ಕುರ್ಚಿಯಲ್ಲಿ ಕೂರುವ ಮೊದಲೇ, ‘ಮೇಡಂ, ನಮ್ಮ ಮೀನು ಕಳುವಾಗಿದೆ’ ಎಂದರು.

ಪಿಎಸ್‌ಐ ವಾಗ್ದೇವಿ ಪೆನ್ನಿನ ಮುಚ್ಚಳ ತೆಗೆದರು. ‘ಎಷ್ಟು ಮೀನು?’

‘ಒಂದೇ.’

ಬಾಗಿಲ ಬಳಿ ನಿಂತಿದ್ದ ಮುಖ್ಯ ಪೇದೆ ವಾಸಪ್ಪನವರಿಗೆ ತಡೆಯಲಾಗಲಿಲ್ಲ. ‘ಇಷ್ಟೊತ್ತಿಗೆ ಸಾರಿಗೆ ಬಿದ್ದಿರತ್ತೆ ಬಿಡಿ ಸಾರ್. ಮುಳ್ಳು ಸಿಕ್ಕಿದ್ರೆ ಪುಣ್ಯ.’

ವಾಗ್ದೇವಿ ತಲೆ ಎತ್ತಿ ನೋಡಿದ ಮೇಲೆ ಅವರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಸುರೇಂದ್ರ ಜೋಗದ ರಸ್ತೆಯಲ್ಲಿರುವ ‘ಜಲಸಿರಿ ಮತ್ಸ್ಯಾಲಯ’ದ ಮಾಲೀಕ. ಒಳಗೆ ಬಣ್ಣದ ಮೀನುಗಳ ಮೂವತ್ತು ಗಾಜಿನ ತೊಟ್ಟಿಗಳು. ಹೊರಗೆ, ಟಿಕೆಟ್ ಕಿಟಕಿಗೂ ಮುಂಚೆ, ಜಗಲಿಯ ಮೇಲೆ ಎಂಟಡಿಯ ಒಂದು ತೊಟ್ಟಿ. ಅದರಲ್ಲಿ ಒಂದೇ ಮೀನು. ಹೊಳೆಯ ಮಹಶೀರ್, ಹನ್ನೆರಡು ಕಿಲೋ ತೂಕ, ಬೆನ್ನಿನ ರೆಕ್ಕೆಯಲ್ಲಿ ಒಂದು ಬೆಳ್ಳಿ ಉಂಗುರ. ತೊಟ್ಟಿಯ ಮೇಲೆ ಫಲಕ: ‘ಬೆಳ್ಳಿ ತೊಟ್ಟ ದೇವರ ಮೀನು. ಉಚಿತ ದರ್ಶನ.’

‘ಒಳಗಿರೋ ಮೀನು ಯಾವ ಊರಲ್ಲಾದ್ರೂ ಸಿಗತ್ತೆ ಮೇಡಂ. ಜೋಗಕ್ಕೆ ಹೋಗೋರು ಗಾಡಿ ನಿಲ್ಸೋದು ಬಾಗ್ಲಲ್ಲಿರೋದನ್ನ ನೋಡಿ. ಅದಿಲ್ದಿದ್ರೆ ನಾನು ಬೀಗ ಹಾಕ್ಬೇಕಷ್ಟೆ.’

ದೂರಿನಲ್ಲಿ ಅವರು ಮೀನಿಗೆ ನಲವತ್ತು ಸಾವಿರ, ಉಂಗುರಕ್ಕೆ ಎರಡು ಸಾವಿರ ಎಂದು ಬರೆದಿದ್ದರು.

‘ಉಂಗುರ ನೀವು ಹಾಕಿಸಿದ್ದಾ?’

‘ಇಲ್ಲ. ಬರುವಾಗ್ಲೇ ಇತ್ತು.’

‘ನಿಮ್ದಲ್ಲದ ವಸ್ತು ನಿಮ್ಮಿಂದ ಕಳುವಾಯ್ತು ಅಂತ ಬರೀಬೇಡಿ.’

ಸುರೇಂದ್ರ ಆ ಸಾಲನ್ನು ಹೊಡೆದು ಪಕ್ಕದಲ್ಲಿ ಸಹಿ ಮಾಡಿದರು. ವಾಗ್ದೇವಿಯವರ ರೀತಿಯೇ ಅದು. ಹೊರಗೆ ಮಳೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಕಿಟಕಿ ತೆಗೆದು ನೋಡಿಯೇ ಬರೆದುಕೊಳ್ಳುತ್ತಾರೆ ಎಂದು ಠಾಣೆಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

5.05ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 303(2), ಕಳವು. ತೊಟ್ಟಿ ಇದ್ದದ್ದು ಬಾಗಿಲಿನ ಹೊರಗೆ; ಹಾಗಾಗಿ ಕಟ್ಟಡದೊಳಗಿನ ಕಳವಿನ ಕಲಂ ಹಾಕಲಿಲ್ಲ.

5.30ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಮಂಗಳವಾರ ಮತ್ಸ್ಯಾಲಯಕ್ಕೆ ವಾರದ ರಜೆ. ನೀರು ನೋಡಲು ನಾಲ್ಕು ಗಂಟೆಗೆ ಬಂದ ಕೆಲಸಗಾರ ರವೀಶ್ ಮೊದಲು ಖಾಲಿ ತೊಟ್ಟಿಯನ್ನು ಕಂಡವನು. ಮುಚ್ಚಳವನ್ನು ಯಾರೋ ಎತ್ತಿ ಗೋಡೆಗೆ ಒರಗಿಸಿಟ್ಟಿದ್ದರು. ಗಾಜು ಒಡೆದಿರಲಿಲ್ಲ. ಮಕ್ಕಳು ಮೂಗು ಒತ್ತಿ ನೋಡಿದ ಗುರುತುಗಳು ಗಾಜಿನ ಮೇಲೆ ಹಾಗೇ ಇದ್ದವು. ತೊಟ್ಟಿಯ ಬುಡದ ತೆಂಗಿನ ನಾರಿನ ಚಾಪೆಯನ್ನು ವಾಗ್ದೇವಿ ಕೈಯಿಂದ ಒತ್ತಿ ನೋಡಿದರು. ಒಣಗಿತ್ತು.

‘ಹನ್ನೆರಡು ಕಿಲೋ ಮೀನು. ಹಿಡಿಯೋಕೆ ಹೋದ್ರೆ ಒದ್ದಾಡಲ್ವಾ?’

‘ಒದ್ದಾಡತ್ತೆ ಮೇಡಂ,’ ಎಂದ ರವೀಶ್. ‘ತೊಟ್ಟಿ ತೊಳೆಯೋ ದಿನ ನಂಗೆ ತಲೆ ಮೇಲಿಂದ ಸ್ನಾನ.’

ನೀರು ಶುದ್ಧ ಮಾಡುವ ಯಂತ್ರದ ಸ್ಪಂಜನ್ನು ರವೀಶ್ ಬಿಚ್ಚಿ ತೋರಿಸಿದ. ಅದರಲ್ಲಿ ಬೆಳ್ಳಗೆ ಊದಿಕೊಂಡ ಕಾಳುಗಳು ಅಂಟಿದ್ದವು. ವಾಗ್ದೇವಿ ಎರಡು ಕಾಳು ಎತ್ತಿ ಹಸ್ತದ ಮೇಲಿಟ್ಟುಕೊಂಡರು. ಅವರು ತೀರ್ಥಹಳ್ಳಿ ಕಡೆಯವರು. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ತುಂಗೆಯ ದಡದಲ್ಲಿ ನಿಂತು ಮೀನುಗಳಿಗೆ ಇದನ್ನೇ ಎರಚಿದವರು. ಮಂಡಕ್ಕಿ.

‘ನೀವು ಇದನ್ನ ಹಾಕ್ತೀರಾ?’

‘ಇಲ್ಲ ಮೇಡಂ. ಇಲ್ಲಿ ಗುಳಿಗೆ ತಿಂಡಿ. ರಜೆ ದಿನ ಅದೂ ಇಲ್ಲ.’ ರವೀಶ್ ಸ್ಪಂಜನ್ನು ಹಿಂಡಿ ನೋಡಿದ. ‘ಇಲ್ಲೇ ಇಷ್ಟಿದೆ ಅಂದ್ರೆ ಹೊಟ್ಟೆಗೆ ತುಂಬಾ ಹೋಗಿದೆ. ಹಂಗಾದ್ರೆ ಅದು ಉಳಿಯಲ್ಲ.’

‘ಯಾಕೆ?’

‘ಸಾಗ್ಸೋ ಮೀನಿಗೆ ಎರಡು ದಿನ ಮುಂಚೆನೇ ತಿಂಡಿ ನಿಲ್ಲಿಸ್ತೀವಿ. ಹೊಟ್ಟೆ ತುಂಬಿದ್ರೆ ಡ್ರಮ್ಮಿನ ನೀರು ಬೇಗ ಕೆಡತ್ತೆ. ಉಸಿರು ಸಿಗಲ್ಲ ಅದಕ್ಕೆ.’

ವಾಗ್ದೇವಿ ಅದನ್ನೂ ಬರೆದುಕೊಂಡರು. ಕಳ್ಳನಿಗೆ ಮೀನನ್ನು ಕರೆಯುವುದು ಗೊತ್ತಿತ್ತು, ಸಾಗಿಸುವುದು ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ 10ಕ್ಕೆ ಟಿಕೆಟ್ ಕೊಡುವ ಭವ್ಯಾಳ ವಿಚಾರಣೆ. ಮತ್ಸ್ಯಾಲಯದ ಒಂದೇ ಕ್ಯಾಮೆರಾ ಅವಳ ಕಿಟಕಿಯ ಮೇಲಿತ್ತು. ಅದರಲ್ಲಿ ಟಿಕೆಟ್ ಕೊಂಡವರ ಮುಖ ಕಾಣುತ್ತಿತ್ತು, ಬಾಗಿಲ ತೊಟ್ಟಿಯನ್ನಷ್ಟೇ ನೋಡಿ ಹೋದವರದು ಕಾಣುತ್ತಿರಲಿಲ್ಲ.

‘ಒಳಗೆ ಬರದೇ, ಹೊರಗಿನ ಮೀನು ಮಾತ್ರ ನೋಡೋಕೆ ಪದೇ ಪದೇ ಬರೋರು ಯಾರಾದ್ರೂ ಇದಾರಾ?’

ಭವ್ಯಾ ಯೋಚಿಸಬೇಕಾಗಲಿಲ್ಲ. ‘ಒಬ್ರು ಅಜ್ಜ ಇದಾರೆ. ಪ್ರತಿ ಸೋಮವಾರ ಬರ್ತಾರೆ. ಕೈಯಲ್ಲಿ ಔಷಧಿ ಕವರ್ ಇರತ್ತೆ. ಒಂದಿನ ನಾನೇ, ಒಳಗೆ ಬನ್ನಿ ಅಜ್ಜಾ, ಟಿಕೆಟ್ ಬೇಡ ಅಂದೆ. “ನಂದು ಹೊರಗೇ ಅದೆ ಮಗಾ” ಅಂದ್ರು.’

‘ಮಾಲೀಕರಿಗೆ ಗೊತ್ತಾ?’

ಅವಳು ಒಳಗಿನ ಕೋಣೆಯತ್ತ ನೋಡಿ ದನಿ ತಗ್ಗಿಸಿದಳು. ‘ಸೆಪ್ಟೆಂಬರಲ್ಲಿ ಇಬ್ರಿಗೂ ಮಾತಾಯ್ತು. “ಹೊಳೆ ತುಂಬಿತಲ್ಲ, ಇನ್ನು ಕೊಡಿ” ಅಂತಿದ್ರು ಅಜ್ಜ.’

11.15ಕ್ಕೆ ಸುರೇಂದ್ರರನ್ನು ಮತ್ತೆ ಕೂರಿಸಲಾಯಿತು.

‘ಮೀನು ಎಲ್ಲಿಂದ ಬಂತು?’

‘ಹೊಸನಗರ ಕಡೆಯಿಂದ.’

‘ರಶೀದಿ?’

‘ಇಲ್ಲ. ಊರಿನೋರೇ ಕೊಟ್ರು. ಹೋದ ಏಪ್ರಿಲಲ್ಲಿ ಹೊಳೆ ಬತ್ತಿತ್ತಲ್ಲ, ಸಾಯ್ತಾವೆ ಅಂತ ಮೂರು ಕೊಟ್ರು. ಎರಡು ಉಳೀಲಿಲ್ಲ.’

‘ವಾಪಸ್ ಕೊಡೋ ಮಾತಿತ್ತಾ?’

ಸುರೇಂದ್ರ ಮೇಜಿನ ಮೇಲಿನ ಗಾಜಿನ ಪೇಪರ್‌ವೇಟನ್ನು ಆಚೆ ಈಚೆ ತಿರುಗಿಸಿದರು. ‘ಬಾಯಿಮಾತು ಮೇಡಂ. ಒಂಬತ್ತು ತಿಂಗ್ಳು ಸಾಕಿದೋನು ನಾನು.’

‘ಯಾರಿಗೆ ಕೊಟ್ಟ ಮಾತು?’

‘ಹುಲಿಯಪ್ಪ ಅಂತ. ಮತ್ತಿಗುಂಡಿಯೋನು.’

‘ನಿನ್ನೆ ಈ ಹೆಸರು ಯಾಕೆ ಹೇಳ್ಲಿಲ್ಲ?’

‘ಉತ್ತರಿಸಲಿಲ್ಲ’ ಎಂದೇ ವಾಗ್ದೇವಿ ಬರೆದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ವಾಸಪ್ಪ ಒಂದು ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಬೇಕಾದ್ದನ್ನು ಹುಡುಕಿದ್ದರು. ಮಂಗಳವಾರ ಮಧ್ಯಾಹ್ನ 1.12ಕ್ಕೆ ಹೊಸನಗರದ ದಿಕ್ಕಿಗೆ ಹೊರಟ ಒಂದು ಗೂಡ್ಸ್ ಆಟೊ. ಹಿಂದೆ ನೀಲಿ ಡ್ರಮ್. ಪಕ್ಕದಲ್ಲಿ ಕೂತ ಮುದುಕನ ಬಲಗೈ ಮೊಳಕೈವರೆಗೆ ಡ್ರಮ್ಮಿನೊಳಗಿತ್ತು.

ಚಾಲಕ ಧರ್ಮಪ್ಪ ಸಂಜೆ 6ಕ್ಕೆ ಠಾಣೆಗೆ ಬಂದ. ಬರುವಾಗಲೇ ಬೆವರಿದ್ದ.

‘ಕದ್ದ ಮಾಲು ಅಂತ ದೇವ್ರಾಣೆ ಗೊತ್ತಿರ್ಲಿಲ್ಲ ಮೇಡಂ. ಮಾಲೀಕರು ಒಪ್ಕಂಡಿದಾರೆ ಅಂದ್ರು ಅಜ್ಜ. ಹಗಲು ಹೊತ್ತು, ರಸ್ತೆ ಪಕ್ಕ. ಕದಿಯೋರು ಹಂಗೆ ಬರ್ತಾರಾ?’

‘ಮೀನು ಹಿಡಿದವರು ಯಾರು?’

‘ಹಿಡೀಲೇ ಇಲ್ಲ. ಅವ್ರು ಮಂಡಕ್ಕಿ ಹಾಕಿದ್ರು, ಅದು ಮೇಲೆ ಬಂತು. ತಿಂತಾ ಇದ್ದಂಗೆ ಒದ್ದೆ ಗೋಣಿಚೀಲ ಅಡಿಗೆ ಕೊಟ್ಟು ಎತ್ತಿದ್ರು. ಮಗು ಎತ್ತಿದಂಗೆ ಬಂತು. ನಾನು ಡ್ರಮ್ ಹಿಡ್ಕಂಡೆ ಅಷ್ಟೆ.’

‘ದಾರೀಲಿ ಏನಾದ್ರೂ ಹೇಳಿದ್ರಾ?’

‘ಎರಡು ಕಡೆ ನಿಲ್ಸಿ ಹಳ್ಳದ ನೀರು ತಂದು ಹಾಕಿದ್ರು. ಬಟ್ಟೆಮಲ್ಲಪ್ಪ ಊರು ದಾಟಿದ ಮೇಲೆ ಮಾತೇ ಇಲ್ಲ. ಇಳಿಯುವಾಗ ಮುಖ ನೋಡೋಕಾಗ್ಲಿಲ್ಲ ನಂಗೆ.’

ಗುರುವಾರ, ಜನವರಿ 23. ಬೆಳಿಗ್ಗೆ 8.50ಕ್ಕೆ ಜೀಪು ಹೊಸನಗರ ತಾಲ್ಲೂಕಿನ ಮತ್ತಿಗುಂಡಿ ತಲುಪಿತು. ಹೊಳೆ ಇಲ್ಲಿ ಬಂಡೆಗಳ ನಡುವೆ ತಿರುಗಿ ಆಳವಾಗಿ ನಿಂತಿದೆ. ಈ ಗುಂಡಿಯ ಮೀನನ್ನು ಊರಿನವರು ತಿನ್ನುವುದಿಲ್ಲ. ಮಕ್ಕಳಿಗೆ ಚರ್ಮದ ಕಾಯಿಲೆಯಾದರೆ ಹರಕೆ ಹೊತ್ತು, ವಾಸಿಯಾದ ಮೇಲೆ ಒಂದು ಮೀನಿನ ರೆಕ್ಕೆಗೆ ಬೆಳ್ಳಿ ಉಂಗುರ ಹಾಕಿ ಬಿಡುತ್ತಾರೆ. ಅಂದಿನಿಂದ ಅದು ಆ ಮಗುವಿನ ಮೀನು. ಗುಂಡಿಯನ್ನು ಕಾಯುವ ಕೆಲಸ ಹುಲಿಯಪ್ಪನ ಮನೆತನದ್ದು.

ಅವರು ಗುಂಡಿಗಿಳಿಯುವ ಮೆಟ್ಟಿಲ ಮೇಲೆ ಹೆಂಡತಿ ಕೆರಿಯಮ್ಮನ ಪಕ್ಕ ಕೂತಿದ್ದರು. ಕೆರಿಯಮ್ಮನ ಎಡಗೈಯಲ್ಲಿ ಮಂಡಕ್ಕಿ ಚೀಲ, ಬಲಗೈ ನೀರಿನಲ್ಲಿ. ಕಣ್ಣು ತೆರೆದೇ ಇದ್ದರೂ ನೋಟ ಯಾವುದರ ಮೇಲೂ ಇರಲಿಲ್ಲ. ಸಕ್ಕರೆ ಕಾಯಿಲೆ ಎರಡು ವರ್ಷದ ಹಿಂದೆ ಆ ಕಣ್ಣುಗಳನ್ನು ತೆಗೆದುಕೊಂಡಿತ್ತು.

ಖಾಕಿ ಕಂಡ ಹುಲಿಯಪ್ಪ ಎದ್ದರು. ಓಡಲಿಲ್ಲ. ಎರಡೂ ಕೈ ಮುಗಿದು, ಹೆಂಡತಿಯತ್ತ ಕಣ್ಸನ್ನೆ ಮಾಡಿ, ಇಲ್ಲಿ ಬೇಡ ಎನ್ನುವಂತೆ ತಲೆಯಾಡಿಸಿದರು. ವಾಗ್ದೇವಿ ಕಾದರು.

ನೀರಿನಲ್ಲಿ ಕಪ್ಪು ಬೆನ್ನುಗಳು ಒಂದರ ಮೇಲೊಂದು ಬಂದವು. ಕೆರಿಯಮ್ಮನ ಬೆರಳುಗಳು ಒಂದೊಂದನ್ನೇ ಸವರುತ್ತ ಹೋಗಿ ಒಂದು ಕಡೆ ನಿಂತವು. ಆ ರೆಕ್ಕೆಯಲ್ಲಿ ಬೆಳ್ಳಿ ಹೊಳೆಯಿತು.

‘ಬಂದ್ಳು,’ ಎಂದರು ಕೆರಿಯಮ್ಮ.

ವಾಸಪ್ಪ ಪಿಎಸ್‌ಐ ಕಿವಿಯಲ್ಲಿ ಪಿಸುಗುಟ್ಟಿದರು. ‘ಬದುಕಿದೆ ಮೇಡಂ!’

ವಾಗ್ದೇವಿ ಆ ಮೀನನ್ನು ಅಳೆಯುವಂತೆ ನೋಡಿದರು. ಐದು ಕಿಲೋ ಇದ್ದರೆ ಹೆಚ್ಚು.

ಹುಲಿಯಪ್ಪ ಪೊಲೀಸರನ್ನು ದಡದ ಮೇಲಿನ ನೇರಳೆ ಮರದ ಬುಡಕ್ಕೆ ಕರೆದೊಯ್ದರು. ಅಲ್ಲಿ ಹೊಸ ಮಣ್ಣಿನ ಗುಪ್ಪೆ, ಅದರ ಮೇಲೆ ಒಂದು ಹಿಡಿ ಮಂಡಕ್ಕಿ.

‘ನಾನೇ ತಂದಿದ್ದು,’ ಎಂದರು ಅವರು, ಯಾರೂ ಕೇಳುವ ಮುಂಚೆ. ‘ಬಟ್ಟೆಮಲ್ಲಪ್ಪ ದಾಟೂವರೆಗೂ ಕೈಗೆ ಬಾಲ ಬಡೀತಿತ್ತು. ಆಮೇಲೆ ಇಲ್ಲ.’

‘ಕೇಳಿದ್ರೆ ಕಾನೂನು ಪ್ರಕಾರ ವಾಪಸ್ ಪಡೀಬಹುದಿತ್ತಲ್ಲ?’

‘ಕೇಳ್ದೆ. ನಾಕು ತಿಂಗ್ಳು ಕೇಳ್ದೆ. ಕೊಟ್ಟಿದ್ದು ನಾನೇ ಅಲ್ವಾ, ಯಾರ ಮೇಲೆ ಹೇಳ್ಲಿ?’

ಮಗಳು ಕಾವ್ಯಾಳಿಗೆ ಐದು ವರ್ಷವಿದ್ದಾಗ ಬಿಟ್ಟ ಮೀನು ಅದು. 2019ರಲ್ಲಿ ಹುಲಿಕಲ್ ಘಾಟಿಯ ತಿರುವಿನಲ್ಲಿ ಬೈಕ್ ಉರುಳಿ ಕಾವ್ಯಾ ಹೋದಳು. ಆಮೇಲೆ ಕೆರಿಯಮ್ಮ ದಿನವೂ ಗುಂಡಿಗೆ ಬರತೊಡಗಿದರು. ಕಣ್ಣು ಹೋದ ಮೇಲೆ ಉಂಗುರ ಮುಟ್ಟಿಯೇ ಮೀನನ್ನು ಗುರುತಿಸುತ್ತಿದ್ದರು. ಏಪ್ರಿಲಿನಲ್ಲಿ ಮೀನನ್ನು ಸಾಗರಕ್ಕೆ ಕಳಿಸಿದ್ದನ್ನು ಹುಲಿಯಪ್ಪ ಹೆಂಡತಿಗೆ ಹೇಳಿರಲಿಲ್ಲ. ಮೀನು ಆಳಕ್ಕೆ ಹೋಗಿದೆ, ಮಳೆ ಬಂದರೆ ಬರುತ್ತದೆ ಎಂದಿದ್ದರು. ಮಳೆ ಬಂದು ಹೋಯಿತು.

‘ದಿನಾ ಕೈ ನೀರಲ್ಲಿಟ್ಕಂಡು ಕೂತಿರ್ತಿದ್ಲು,’ ಎಂದರು. ‘ಚಳೀಲಿ ಬೆರಳು ಬೆಳ್ಳಗಾಗ್ತಿತ್ತು. ನೋಡೋಕಾಗ್ಲಿಲ್ಲ.’

‘ಹೊರಡೋ ಮುಂಚೆ ಮಂಡಕ್ಕಿ ಎಷ್ಟು ಹಾಕಿದ್ರಿ?’

‘ಸಾಕು ಅನ್ನೂವಷ್ಟು. ನಮ್ಮಲ್ಲಿ ದೇವರ ಮೀನನ್ನ ಹೊಟ್ಟೆ ತುಂಬಿಸ್ದೆ ಮುಟ್ಟೂದಿಲ್ಲ. ಅದ್ರಲ್ಲೂ ಮನೆಗೆ ಹೊರಟೋಳು, ಹಸ್ಕಂಡು ಹೊರಡ್ಸೂಕಾಗ್ತದಾ?’ ಹುಲಿಯಪ್ಪ ಮುಖ ಎತ್ತಿದರು. ‘ನೀರೂ ಬದಲ್ಸಿದ್ದೆ. ಎಂತಕ್ಕೆ ಹೋದ್ಳು ಅಂತ ಗೊತ್ತಾಗ್ಲಿಲ್ಲ ಮೇಡಂ.’

ವಾಗ್ದೇವಿಗೆ ಗೊತ್ತಿತ್ತು. ರವೀಶನ ಹೇಳಿಕೆ ಅವರ ಕೈಯಲ್ಲಿದ್ದ ಕಡತದಲ್ಲೇ ಇತ್ತು.

‘ಡಾಕ್ಟರ್ ವರದಿ ಬರ್ಬೇಕು,’ ಎಂದರು.

10.30ಕ್ಕೆ ಪಶುವೈದ್ಯರು ಮತ್ತು ಇಬ್ಬರು ಪಂಚರ ಎದುರು ಮಣ್ಣು ತೆಗೆಯಲಾಯಿತು. ಮೀನನ್ನು ಬಿಳಿ ಪಂಚೆಯಲ್ಲಿ ಸುತ್ತಿದ್ದರು. ಉದ್ದ ಮೂರು ಅಡಿ ನಾಲ್ಕು ಅಂಗುಲ. ಬೆನ್ನಿನ ರೆಕ್ಕೆಯಲ್ಲಿ ಹಳೆಯ ಉಂಗುರದ ತೂತು. ಉಂಗುರ ಇರಲಿಲ್ಲ. ಅದನ್ನು ಬಿಚ್ಚಿ ಮಂಗಳವಾರ ಸಂಜೆಯೇ ಗುಂಡಿಯ ಇನ್ನೊಂದು ಮೀನಿಗೆ ಹಾಕಿದ್ದಾಗಿ ಹುಲಿಯಪ್ಪ ಹೇಳಿದರು.

‘ಬಲೆ ತರಿಸ್ಲಾ ಮೇಡಂ?’ ವಾಸಪ್ಪ ಕೇಳಿದರು. ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ‘ಉಂಗುರ ಮುದ್ದೆಮಾಲಲ್ವಾ, ವಶಕ್ಕೆ ತಗೋಬೇಕಲ್ಲ?’

ವಾಗ್ದೇವಿ ಕಡತ ಬಿಡಿಸಿ ದೂರಿನ ಹಾಳೆಯನ್ನು ಅವರ ಮುಂದೆ ಹಿಡಿದರು. ಹೊಡೆದು ಹಾಕಿದ ಸಾಲು, ಪಕ್ಕದಲ್ಲಿ ಸುರೇಂದ್ರರ ಸಹಿ.

‘ದೂರಲ್ಲಿರೋದು ಮೀನು ಒಂದೇ. ಉಂಗುರ ಇವ್ರ ಮನೇದು.’

ಸಾಕ್ಷ್ಯವನ್ನು ಹೂತಿಟ್ಟಿದ್ದರಿಂದ ನೋಟಿಸ್ ಕೊಟ್ಟು ಬಿಡುವಂತಿರಲಿಲ್ಲ. 11.40ಕ್ಕೆ ಹುಲಿಯಪ್ಪನನ್ನು ದಸ್ತಗಿರಿ ಮಾಡಲಾಯಿತು. ಸುರೇಂದ್ರ ಕೊಟ್ಟ ಮಾತಿನ ವಿಷಯವನ್ನೂ ಹುಲಿಯಪ್ಪನ ಹೇಳಿಕೆಯಲ್ಲಿ ಪೂರ್ತಿ ಬರೆಯಲಾಯಿತು. ಮೀನು ಯಾರದೆಂದು ನ್ಯಾಯಾಲಯ ಹೇಳಬೇಕು. ಹುಲಿಯಪ್ಪ ಮೆಟ್ಟಿಲಿಳಿದು ಹೆಂಡತಿಗೆ, ಔಷಧಿ ತರಲು ಸಾಗರಕ್ಕೆ ಹೋಗಿ ಬರುತ್ತೇನೆ, ರಾತ್ರಿ ಪಕ್ಕದ ಮನೆಯ ಮೂಕಮ್ಮ ಜೊತೆಗಿರುತ್ತಾಳೆ ಎಂದರು. ವಾಸಪ್ಪ ಅವರ ತೋಳು ಹಿಡಿಯದೆ ಜೀಪಿನವರೆಗೆ ಪಕ್ಕದಲ್ಲೇ ನಡೆದರು.

ವಾಗ್ದೇವಿ ಹಿಂದೆ ಉಳಿದಿದ್ದರು.

‘ಬೂಟಿನೋರು ಇನ್ನೂ ಇದೀರಾ?’ ಕೆರಿಯಮ್ಮ ತಿರುಗದೆಯೇ ಕೇಳಿದರು.

‘ಇದೀನಿ ಅಮ್ಮ.’

‘ಅವ್ರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ದಾರೀಲಿ ಒಂದ್ ತುತ್ತು ಕೊಡ್ಸು ತಂಗಿ. ಉಪವಾಸ ಇಡ್ಬೇಡಿ.’

‘ಆಗಲಿ ಅಮ್ಮ.’

ಕೆರಿಯಮ್ಮನ ಕೈ ಮತ್ತೆ ನೀರಿಗಿಳಿಯಿತು. ಉಂಗುರದ ಮೀನು ಬಂತು. ಅವರು ಅದರ ತಲೆಯಿಂದ ಬಾಲದವರೆಗೆ ಬೆರಳಾಡಿಸಿದರು. ಅಷ್ಟು ಬೇಗ ಬಾಲ ಸಿಕ್ಕಿದ್ದಕ್ಕೆ ಕೈ ಅಲ್ಲೇ ನಿಂತಿತು.

‘ಕಾವ್ಯಂದು ನನ್ ತೋಳಿಗಿಂತ ಉದ್ದ ಇತ್ತು,’ ಎಂದರು. ಜೀಪು ಶುರುವಾದ ಸದ್ದು ದಡದ ಮೇಲಿಂದ ಕೇಳಿತು. ‘ಇರ್ಲಿ. ಅವ್ರಿಗೆ ಹೇಳೂದು ಬೇಡ. ಇವಳಿಗೂ ಹಸಿವಾಗತ್ತೆ ಅಲ್ದಾ?’

ಚೀಲದಲ್ಲಿ ಉಳಿದಿದ್ದ ಮಂಡಕ್ಕಿಯನ್ನೆಲ್ಲ ಅವರು ನೀರಿಗೆ ಸುರಿದರು.

ಆ ದಿನದ ಕೇಸ್ ಡೈರಿಯಲ್ಲಿ ಉಂಗುರದ ಬಗ್ಗೆ ಎರಡು ಸಾಲುಗಳಿವೆ: ‘ಆರೋಪಿಯ ಮನೆಯ ಸ್ವತ್ತು. ವಶಪಡಿಸಿಕೊಂಡಿಲ್ಲ.’ ಅದರ ಕೆಳಗೆ, ಸಾಮಾನ್ಯವಾಗಿ ಯಾರೂ ವೇಳೆ ಹಾಕಿ ಬರೆಯದ ಇನ್ನೊಂದು ಸಾಲಿದೆ: ‘1.20ಕ್ಕೆ, ಹೊಸನಗರದಲ್ಲಿ ಜೀಪು ನಿಲ್ಲಿಸಿ ಆರೋಪಿಗೆ ಊಟ ಕೊಡಿಸಲಾಗಿದೆ.’