ಸೊಣ್ಣಮ್ಮನ ಹೊಸ್ತಿಲ ಮೇಲಿನ ಟ್ರೇ

"ಅಳತೆ ಗಿಳತೆ ಏನೂ ಬೇಡ. ಟೇಪ್ ತೆಗೀರಿ, ಶಟರ್ ಬೀಳತ್ತೆ."

ಹೇಳಿದ್ದೇ ತಡ, ವನಜಾ ಶಟರ್ ಎಳೆದೇಬಿಟ್ಟಳು. ಹೊರಗೆ ನಿಂತಿದ್ದ ಚಿನ್ಮಯ್ ಟೇಪನ್ನು ಹಿಂದಕ್ಕೆ ಸೆಳೆದುಕೊಂಡ. ಬೆರಳು ಉಳಿದದ್ದು ಅವನ ಪುಣ್ಯ.

ಸಿಂಗಸಂದ್ರದ ಆ ಗಲ್ಲಿಯ ತುಂಬ ಸಣ್ಣ ಸಣ್ಣ ಶೆಡ್‌ಗಳು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತಿದ್ದವು. ಶೆಡ್‌ಗಳನ್ನೆಲ್ಲ ಊರ ಹೊರಗೆ, ಚಂದಾಪುರದ ಆಚೆಗೆ ಕಳಿಸಿ ಗಲ್ಲಿಯನ್ನು ಹೊಸದಾಗಿ ಕಟ್ಟುವ ಯೋಜನೆಯೊಂದು ತಯಾರಾಗುತ್ತಿತ್ತು. ಅದರ ಸರ್ವೆಗೆ ಬಂದವನೇ ಈ ಚಿನ್ಮಯ್.

ಅಪ್ಪ ನರಸಪ್ಪನ ಬಲಗೈ ಸ್ವಾಧೀನ ತಪ್ಪಿದ ಮೇಲೆ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದವಳು ವನಜಾ. ಮನೆ ನಡೆಯುತ್ತಿದ್ದದ್ದೇ ಆ ಶೆಡ್ಡಿನಿಂದ.

"ಮೇಡಂ, ನಾನು ಒಡೆಯೋಕೆ ಬಂದಿಲ್ಲ," ಎಂದಿತು ಶಟರಿನಾಚೆಯ ದನಿ.

"ಎಲ್ಲರೂ ಮೊದಲು ಹಾಗೇ ಹೇಳೋದು ಸಾರ್."

ಬಹಳ ಹೊತ್ತಿನ ಮೇಲೆ ಅವಳು ಶಟರ್ ಎತ್ತಿದರೆ ಆಸಾಮಿ ಅಲ್ಲೇ ಇದ್ದ! ಮೆಟ್ಟಿಲ ಮೇಲೆ ನರಸಪ್ಪನ ಪಕ್ಕ ಕೂತು ಟೀ ಕುಡಿಯುತ್ತಿದ್ದ. ಅವಳಿಗೆ ಕೋಪ ಬರಬೇಕಿತ್ತು, ನಗು ಬಂತು. ತೋರಿಸಿಕೊಳ್ಳಲಿಲ್ಲ ಅಷ್ಟೆ.

ಆಮೇಲೆ ಸರ್ವೆ ಮುಗಿಯಿತು, ಅವನು ಬರುವುದು ಮುಗಿಯಲಿಲ್ಲ.

ಒಂದು ದಿನ ಮೆಲ್ಲಗೆ ಅಂದ, "ನಿಮ್ಮ ಕೂದಲಲ್ಲಿ ಕಬ್ಬಿಣದ ಚೂರು ಸಿಕ್ಕೊಂಡಿದೆ."

ಅವಳು ತಡಕಾಡಿದಳು, ಸಿಗಲಿಲ್ಲ. "ತೆಗೀಲಾ?" ಎಂದು ಕೇಳಿ, ಅವಳು ತಲೆಯಾಡಿಸುವವರೆಗೂ ಕಾದು, ಅವನೇ ತೆಗೆದ. ಆ ಕ್ಷಣದಲ್ಲಿ ವನಜಾಳ ಎದೆ ಲೇತಿಗಿಂತ ಜೋರಾಗಿ ಓಡಿತು.

*ಇವನು ಎಷ್ಟು ಚಿಕ್ಕದಕ್ಕೂ ಕೇಳ್ತಾನಲ್ಲ...*

ದೊಡ್ಡದನ್ನೇ ಕೇಳದೆ ಮಾಡುತ್ತಾನೆಂದು ಪಾಪ, ಅವಳಿಗೇನು ಗೊತ್ತು?

ಆ ಗಲ್ಲಿಯಲ್ಲಿ ಒಂದು ಪದ್ಧತಿಯಿತ್ತು. ಆಸ್ಪತ್ರೆ ಮಂಚದ ಚಕ್ರಗಳಿಗೆ ಹಾಕುವ ಪಿನ್ನುಗಳನ್ನು ವನಜಾ ಲೇತಿನಲ್ಲಿ ತಯಾರು ಮಾಡಿ, ಟ್ರೇ ತುಂಬಿಸಿ, ಬೆಳಿಗ್ಗೆ ಎದುರು ಶೆಡ್ಡಿನ ಸೊಣ್ಣಮ್ಮನ ಹೊಸ್ತಿಲ ಮೇಲಿಡುವಳು. ಸೊಣ್ಣಮ್ಮ ಅವಕ್ಕೆ ಡ್ರಿಲ್ಲಿನಿಂದ ತೂತು ಹೊಡೆದು ಮರೆಪ್ಪನ ಹೊಸ್ತಿಲಿಗೆ ಸಾಗಿಸುವಳು. ತುಕ್ಕು ಹಿಡಿಯದಂತೆ ಲೇಪ ಕೊಡುವ ಪ್ಲೇಟಿಂಗ್ ಅವನದು. ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಹೊಸ್ತಿಲಿಗೆ ಟ್ರೇ ಬಂತೆಂದರೆ ಕೆಲಸ ಬಂತೆಂದೇ ಅರ್ಥ.

ಸರ್ಕಾರಿ ಶಾಲೆಯಲ್ಲಿ ಸಭೆ ಸೇರಿದ ದಿನ ಎಲ್ಲ ತಲೆಕೆಳಗಾಯಿತು.

"ಈ ಗಲ್ಲಿಯಿಂದ ಮೊದಲ ಹಂತದಲ್ಲಿ ಒಬ್ಬರಿಗೆ ಮಾತ್ರ ಹೊಸ ಶೆಡ್. ವನಜಾ ಅವರಿಗೆ," ಎಂದರು ಅಧಿಕಾರಿ. "ಉಳಿದವರು ಕಾಯಬೇಕು. ಎಲ್ಲಿ ಜಾಗ ಸಿಗುತ್ತೋ ಅಲ್ಲಿಗೆ ಹೋಗಬೇಕು."

ಸಭೆಯಲ್ಲಿ ಒಬ್ಬೊಬ್ಬರಾಗಿ ಅವಳ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಚಿನ್ಮಯ್ ಅವಳನ್ನೇ ನೋಡಿ ನಗುತ್ತಿದ್ದ. ಆ ನಗುವನ್ನು ಸೊಣ್ಣಮ್ಮನೂ ನೋಡಿದಳು.

ಮರುದಿನ ವನಜಾ ಇಟ್ಟ ಟ್ರೇ ಸಂಜೆಯವರೆಗೂ ಹೊಸ್ತಿಲ ಮೇಲೇ ಇತ್ತು.

"ನಿಂಗೆ ಜಾಗ ಸಿಕ್ತಲ್ಲ, ಅಲ್ಲಿಗೇ ಓಗು," ಎಂದಳು ಸೊಣ್ಣಮ್ಮ, ಮುಖ ನೋಡದೆ. "ನಮ್ಮತ್ರ ಯಾಕ್ ಬತ್ತೀಯ?"

ಚಿಕ್ಕಂದಿನಲ್ಲಿ ವನಜಾಗೆ ತುತ್ತು ಮಾಡಿ ತಿನ್ನಿಸಿದ್ದು ಇದೇ ಸೊಣ್ಣಮ್ಮನ ಕೈ. ವನಜಾ ಶೆಡ್ಡಿನೊಳಗೆ ಹೋಗಿ ಮೆಷಿನ್ ಚಾಲೂ ಮಾಡಿ, ಅದರ ಸದ್ದಿನಲ್ಲಿ ಅತ್ತಳು.

ಚಿನ್ಮಯ್ ಬಂದಾಗ ಅವಳ ಕಣ್ಣು ಇನ್ನೂ ಕೆಂಪಗಿತ್ತು.

"ಏನಾಯ್ತು? ನಿಮಗೇ ಮೊದಲು ಸಿಗ್ಲಿ ಅಂತ ಎಷ್ಟು ಓಡಾಡಿದೆ ಗೊತ್ತಾ... ನಿಮಗೆ ಒಳ್ಳೇದಾಗ್ಲಿ ಅಂತ."

"ನನ್ನನ್ನ ಕೇಳಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅಲ್ಲಿ ಹೋಗಿ ಪಿನ್ ಮಾಡ್ತೀನಿ ಅಂತಾನೇ ಇಟ್ಕೊಳ್ಳಿ. ಮಾಡಿ ಯಾರ ಹೊಸ್ತಿಲ ಮೇಲೆ ಇಡ್ಲಿ?" ಅವಳು ಎದುರಿನ ಹೊಸ್ತಿಲ ಕಡೆ ಕೈ ತೋರಿಸಿದಳು. "ಇಲ್ಲಿ ಎಲ್ಲರೂ ನಾನೇ ಕೈಕೊಟ್ಟೆ ಅಂದ್ಕೊಂಡಿದ್ದಾರೆ. ನೀವು ಬರಬೇಡಿ ಇನ್ನು."

ಅವನು ಹೋದ. ಬರಲಿಲ್ಲ.

ವಾರಗಳು ಉರುಳಿದವು. ವನಜಾ ಪಿನ್ನುಗಳನ್ನು ಊರಿನ ಇನ್ನೊಂದು ತುದಿಯ ಪೀಣ್ಯದವರೆಗೆ ಹೊತ್ತೊಯ್ದು ಡ್ರಿಲ್ ಮಾಡಿಸಿದಳು. ಎರಡು ಸಲ ಮಾಲು ತಡವಾಯಿತು. ಆರ್ಡರ್ ಕೊಟ್ಟವರು, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಆದರೂ ದಿನಾ ಬೆಳಿಗ್ಗೆ ಅವಳು ಒಂದು ಟ್ರೇಯನ್ನು ಸೊಣ್ಣಮ್ಮನ ಹೊಸ್ತಿಲ ಮೇಲೆ ಇಡುವಳು, ಸಂಜೆ ಹಾಗೇ ವಾಪಸ್ ತರುವಳು.

"ಆ ಉಡುಗ ಕೆಟ್ಟೋನಲ್ಲ ಕಣಮ್ಮ," ಎಂದ ನರಸಪ್ಪ ಒಮ್ಮೆ.

"ಗೊತ್ತಪ್ಪ..." ಅದೇ ಅವಳ ಸಂಕಟ. ಕೆಟ್ಟವನಾಗಿದ್ದರೆ ಮರೆಯಬಹುದಿತ್ತು.

ಒಂದು ಬೆಳಿಗ್ಗೆ ಟ್ರೇ ಇಟ್ಟು ಬಂದು ಅವಳು ಶಟರನ್ನು ಅರ್ಧಕ್ಕೆ ಇಳಿಸುವಾಗ ಎದುರು ಚಿನ್ಮಯ್ ಕಂಡ. ಸೊಣ್ಣಮ್ಮನ ಮುಂದೆ ನಿಂತಿದ್ದ. ವನಜಾ ಅಲ್ಲೇ ನಿಂತಳು.

"ತಪ್ಪು ನಂದು ಅಕ್ಕ. ವನಜಾಗೆ ಸಭೆ ದಿನದವರೆಗೂ ಏನೂ ಗೊತ್ತಿರಲಿಲ್ಲ. ಆ ಶೆಡ್ ರದ್ದು ಮಾಡಿಸಿದೀನಿ."

"ಮತ್ತೆ ನಮ್ಮ ಗತಿ?"

"ಗಲ್ಲಿ ಪೂರ್ತಿ ಸೇರಿದ್ರೆ ಒಂದೇ ಕಾರ್ಖಾನೆ, ಬಿಡಿಸಿದ್ರೆ ಒಂದೂ ಉಳಿಯಲ್ಲ ಅಂತ ಮೇಲಿನವರಿಗೆ ಹೇಳಿದೆ. ಇಲ್ಲೇ ಕೆಳಗೆ ಶೆಡ್, ಮೇಲೆ ಮನೆ ಕಟ್ಟಬೇಕು. ಅರ್ಧ ಗಲ್ಲಿ ಕಟ್ಟುವಾಗ ಇನ್ನರ್ಧದಲ್ಲಿ ಕೆಲಸ ನಡೀಬೇಕು. ಅವರಿನ್ನೂ ಒಪ್ಪಿಲ್ಲ. ನನ್ನನ್ನ ಈ ಕೆಲಸದಿಂದ ತೆಗೆದ್ರು. ಆದ್ರೆ ನಿಮ್ಮನ್ನೆಲ್ಲ ಕರೆಸಿ ಕೇಳ್ತೀವಿ ಅಂದಿದ್ದಾರೆ. ಒಟ್ಟಿಗೆ ಬರ್ತೀರಾ?"

ಸೊಣ್ಣಮ್ಮ ಅವನನ್ನು ನೋಡಿದಳು. ಆಮೇಲೆ ಅರ್ಧ ಶಟರಿನ ಕೆಳಗೆ ಕಾಣುತ್ತಿದ್ದ ವನಜಾಳ ಪಾದಗಳನ್ನು ನೋಡಿದಳು.

"ದಿನಾ ತಂದಿಡ್ತಿದ್ಲು ಕಣಪ್ಪ. ನಾನೇ ಕಲ್ಲಾಗ್ಬುಟ್ಟೆ," ಎನ್ನುತ್ತ ಟ್ರೇ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಡ್ರಿಲ್ಲಿನ ಸದ್ದು ಗಲ್ಲಿಗೆಲ್ಲ ಕೇಳಿಸಿತು.

ವನಜಾ ಕಣ್ಣೊರೆಸಿಕೊಂಡಳು. ಚಿನ್ಮಯ್ ಶಟರಿನ ಹತ್ತಿರ ಬಂದು ನಿಂತ, ಒಳಗೆ ಬರಲಿಲ್ಲ.

"ಕೆಲಸ ಹೋಯ್ತಾ?"

"ಈ ಕೆಲಸ ಮಾತ್ರ. ಇನ್ನು ನಿಮ್ಮ ಗಲ್ಲಿಗೆ ಬರೋಕೆ ನನಗೆ ಯಾವ ನೆಪಾನೂ ಇಲ್ಲ."

"ಮೇಲಿನವರು ಒಪ್ಪದೇ ಹೋದ್ರೆ?"

"ಮತ್ತೆ ಕೇಳೋಣ. ಎಲ್ಲರೂ ಸೇರಿ."

ಅವಳು ಅಂದಳು, "ಇನ್ಮೇಲೆ ನನಗೆ ಒಳ್ಳೇದು ಮಾಡೋ ಮುಂಚೆ ನನ್ನನ್ನ ಕೇಳ್ಬೇಕು."

"ಕೇಳ್ತೀನಿ... ಈಗ್ಲೇ ಒಂದು ಕೇಳ್ಲಾ?"

"ಹೂಂ."

"ನಿಮ್ಮನ್ನ ಪ್ರೀತಿಸ್ತೀನಿ. ಜೊತೆಗೆ ಇರ್ಲಾ, ವನಜಾ?"

ಅವಳು ಶಟರನ್ನು ಇನ್ನಷ್ಟು ಮೇಲೆತ್ತಿದಳು.

"ನಾನು ಒಪ್ಪಿ ತುಂಬಾ ದಿನ ಆಯ್ತು," ಎಂದಳು. "ನೀವು ಕೇಳಿರ್ಲಿಲ್ಲ ಅಷ್ಟೆ."