ಹನ್ನೊಂದನೇ ತಿಂಗಳು

"ಮನೆ ನೋಡೋಕ್ ಮುಂಚೆ ಒಂದು ಮಾತು ಹೇಳ್ಬಿಡ್ತೀನಿ ಸಾರ್..."

ಮೆಟ್ಟಿಲ ಮೇಲೇ ನಿಂತುಬಿಟ್ಟಳು ಜ್ಯೋತಿಲಕ್ಷ್ಮಿ. ಮುಂದೆ ಹತ್ತುತ್ತಿದ್ದ ಮನೆ ಮಾಲೀಕರ ಮಗ ಹರಿಕೃಷ್ಣ ತಿರುಗಿ ನೋಡಿದ.

"ನಾವು ಎಸ್ಸಿ. ಆಮೇಲೆ ಗೊತ್ತಾಯ್ತು, ಖಾಲಿ ಮಾಡಿ ಅನ್ನೋದಾದ್ರೆ ಈಗ್ಲೇ ಅಂದ್ಬಿಡಿ. ಸಾಮಾನು ಹೊತ್ತು ಹೊತ್ತು ಸಾಕಾಗಿದೆ ನಂಗೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬರೀ ದಣಿವಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದಕ್ಕೆ ಲ್ಯಾಬ್ ಟೆಕ್ನಿಷಿಯನ್ ಆಗಿ ಬಂದ ಮೂರು ವರ್ಷದಲ್ಲಿ ಅವಳಿಗೆ ಇದು ನಾಲ್ಕನೇ ಮನೆ.

ಹರಿಕೃಷ್ಣ ಒಂದು ಮೆಟ್ಟಿಲು ಕೆಳಗಿಳಿದ. "ನೀರು ವಾರಕ್ಕೆ ಎರಡೇ ಸಲ ಬರೋದು... ಅದನ್ನ ನಾನೂ ಮುಂಚೇನೇ ಹೇಳ್ಬೇಕಿತ್ತು," ಎಂದ.

ಕೆಳಗಿನಿಂದ ಅವನ ತಾಯಿ ಓಬಳಮ್ಮ ಕೂಗಿದರು. "ಏನೋ, ಮೆಟ್ಲ ಮೇಲೇ ಮಾತಾ? ಆಯಮ್ಮನ್ನ ಒಳಗೆ ಕರ್ಕೊಂಡ್ಹೋಗಿ ತೋರ್ಸೋ!"

ಎಲ್ಲರೂ ಬರೆಯುವ ಹಾಗೆ ಹನ್ನೊಂದು ತಿಂಗಳಿಗೆ ಕರಾರು ಬರೆದದ್ದಾಯಿತು.

ಹರಿಕೃಷ್ಣನಿಗೆ ಹಗಲು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತಿಕೆ, ಸಂಜೆ ಕಾನೂನು ಕಾಲೇಜು. ಭಾನುವಾರ ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದ. ಒಂದು ದಿನ ಬಟ್ಟೆ ಒಣಹಾಕುತ್ತಿದ್ದವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಮೂರು ಸಲ ಅದನ್ನೇ ಓದಿದ್ರಿ. ಏನದು?"

"ನೀರು, ಕರೆಂಟು ಕಟ್ ಮಾಡಿ, ಬೀಗ ಜಡಿದು ಬಾಡಿಗೆಯವ್ರನ್ನ ಹೊರಗೆ ಹಾಕೋ ಹಾಗಿಲ್ಲ ಅಂತ."

"ನನ್ನ ಎರಡ್ನೇ ಮನೆಯವ್ರು ಹಂಗೇ ಹಾಕಿದ್ರು. ಪಾಪ, ಅವ್ರು ಈ ಪುಸ್ತಕ ಓದಿರ್ಲಿಲ್ಲ ಅನ್ಸತ್ತೆ!"

ಅವಳು ನಕ್ಕಳು. ಅವನು ನಗಲಿಲ್ಲ. ಆ ಪುಟದ ಮೂಲೆ ಮಡಿಚಿ ಪುಸ್ತಕ ಮುಚ್ಚಿದ.

ಆವತ್ತಿನಿಂದ ಅವಳಿಗೆ ಅವನ ಸ್ಕೂಟರ್ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು.

'ಬೇಡ ಮನಸೇ... ಅವರ ಜನವೇ ಬೇರೆ. ಮನೆಯೂ ಅವರದು. ಮನಸ್ಸು ಕೊಡೋಕೆ ಹೋದರೆ ಇರೋ ಸೂರೂ ಹೋಗುತ್ತೆ!'

ಹೀಗೆ ಹನ್ನೊಂದನೇ ತಿಂಗಳು ಬಂತು. ಪೋಸ್ಟ್‌ಮ್ಯಾನ್ ಮೇಲೆ ಹತ್ತಿ ಬಂದು ಸಹಿ ಹಾಕಿಸಿಕೊಂಡು ಲಕೋಟೆ ಕೊಟ್ಟ. ಇಂದ: ಹರಿಕೃಷ್ಣ, ಕೆಳಮನೆ.

'ಕರಾರಿನ ಅವಧಿ ಮುಗಿಯುತ್ತಿರುವುದರಿಂದ, ಮುಂದಿನ ಕ್ರಮಕ್ಕಾಗಿ ಹದಿನಾಲ್ಕರಂದು ಬೆಳಗ್ಗೆ ಹನ್ನೊಂದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹಾಜರಾಗಲು ಕೋರಿದೆ.'

ಮುಂದಿನ ಕ್ರಮ!

ಒಂದು ಮಾತು ಬಾಯಲ್ಲಿ ಹೇಳಲಾಗಲಿಲ್ಲವೇ ಇವನಿಗೆ? ಅವಳಿಗೆ ಅಳು ಕೂಡ ಬರಲಿಲ್ಲ. ಮೆಡಿಕಲ್ ಶಾಪಿನಿಂದ ಖಾಲಿ ರಟ್ಟಿನ ಡಬ್ಬಗಳನ್ನು ತಂದು ಪಾತ್ರೆ ಜೋಡಿಸತೊಡಗಿದಳು.

ಹದಿನಾಲ್ಕರಂದು ಅವಳು ಕಚೇರಿಗೆ ಹೋದಾಗ, ಮನೆ ತಮ್ಮ ಹೆಸರಿನಲ್ಲಿದ್ದುದರಿಂದ ಓಬಳಮ್ಮನೂ ಬಂದಿದ್ದರು. ರೇಷ್ಮೆ ಸೀರೆ ಉಟ್ಟು ಕಂಪ್ಯೂಟರ್ ಹುಡುಗಿಯ ಜೊತೆ ಜಗಳಕ್ಕೆ ನಿಂತಿದ್ದರು. "ಹೆಬ್ಬೆಟ್ಟು ಯಾಕಮ್ಮ? ಸೈನ್ ಮಾಡೋಕ್ ಬರತ್ತೆ ನಂಗೆ!"

ಜ್ಯೋತಿ ನೇರ ಹರಿಕೃಷ್ಣನ ಬಳಿ ಹೋದಳು. "ಖಾಲಿ ಮಾಡೋಕೂ ರಿಜಿಸ್ಟರ್ ಬೇಕಾ ಸಾರ್? ತಿಂಗ್ಳ ಕೊನೆಗೆ ಹೋಗ್ತೀನಿ. ಸಾಮಾನು ಕಟ್ಟಿಟ್ಟಿದೀನಿ."

"ಕಟ್ಟಿದೀರಾ? ಯಾಕೆ?!" ಅವನ ಮುಖ ಬಿಳಿಚಿಕೊಂಡಿತು.

"ನೀವೇ ಕ್ರಮ ಅಂತ ಬರ್ದಿದ್ರಲ್ಲ..."

"ಹೇಳ್ದೆ ತಾನೇ!" ಓಬಳಮ್ಮ ತಿರುಗಿ ಕನ್ನಡ ತೆಲುಗು ಬೆರೆಸಿ ಗದರಿದರು. "ಒಂದೇ ಮನೇಲಿದ್ಕೊಂಡು ಯಾರಾದ್ರೂ ಪೋಸ್ಟ್ ಹಾಕ್ತಾರೇನೋ? ಏಂ ಲಾಯರೋ ಏಮೋ!"

"ನೋಟಿಸು ಬರವಣಿಗೇಲೇ ಕೊಡ್ಬೇಕು ಅಂತ ಪುಸ್ತಕದಲ್ಲಿ..." ತೊದಲುತ್ತಲೇ ಅವನು ಹೊಸ ಕರಾರಿನ ಕಾಗದ ಮುಂದೆ ಹಿಡಿದ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಅವಧಿ ಮೂರು ವರ್ಷ. ಅವಧಿಗೆ ಮುಂಚೆ ಮಾಲೀಕರು ಖಾಲಿ ಮಾಡಿ ಎನ್ನುವಂತಿಲ್ಲ. ಬಾಡಿಗೆದಾರರು ಮಾತ್ರ ತಿಂಗಳ ಮುಂಚೆ ತಿಳಿಸಿ ಯಾವಾಗ ಬೇಕಾದರೂ ಹೋಗಬಹುದು.

"ಹನ್ನೊಂದು ತಿಂಗ್ಳಿಗೆ ಬರ್ದ್ರೆ ರಿಜಿಸ್ಟರ್ ಮಾಡ್ಸೋ ತಾಪತ್ರಯ ಇರಲ್ಲ. ಅದಕ್ಕೇ ಎಲ್ರೂ ಹಂಗೆ ಬರೀತಾರೆ," ಎಂದ ಹರಿಕೃಷ್ಣ. "ಆದ್ರೆ ಪ್ರತಿ ವರ್ಷ ಬಾಡಿಗೆಯವ್ರ ಎದೆ ಹೊಡ್ಕೊಳ್ತಾನೇ ಇರತ್ತೆ."

ಫೋಟೊ, ಹೆಬ್ಬೆಟ್ಟು, ಸಹಿ ಎಲ್ಲ ಮುಗಿಯಿತು. ಹೊರಗಿನ ಕಲ್ಲುಬೆಂಚಿನ ಮೇಲೆ ಅವಳು ಕುಸಿದು ಕೂತಳು. ಅವನು ಎದುರಿಗೆ ನಿಂತ.

"ಇನ್ನು ಅಮ್ಮನಾಗ್ಲಿ ನಾನಾಗ್ಲಿ ನಿಮ್ಮನ್ನ ಹೋಗಿ ಅನ್ನೋಕಾಗಲ್ಲ. ಈಗ ಕೇಳ್ಬಹುದು..."

"ಏನು?"

"ನನ್ನ ಮದ್ವೆ ಆಗ್ತೀರಾ ಜ್ಯೋತಿ? ಆರು ತಿಂಗ್ಳಿಂದ ನುಂಗ್ಕೊಂಡಿದೀನಿ. ಮನೆ ಓನರ್ ಮಗ ಕೇಳಿದ್ರೆ ಬೇಡ ಅನ್ನೋಕೆ ನಿಮಗೆ ಭಯ ಆಗಲ್ವಾ? ಈಗ ಬೇಡ ಅಂದ್ರೂ ಮನೆ ಎಲ್ಲೂ ಹೋಗಲ್ಲ."

ಅವಳ ಕಣ್ಣು ತುಂಬಿ ಬಂತು. ಬೇಡ ಎನ್ನುವ ಸ್ವಾತಂತ್ರ್ಯವನ್ನು ಸೀಲು ಒತ್ತಿಸಿ ಕೈಗಿಟ್ಟವರು ಅವಳ ಬದುಕಿನಲ್ಲಿ ಯಾರಿದ್ದರು!

"ನಿಮ್ಮಮ್ಮ...?"

"ಮದ್ವೆ ವಿಷ್ಯ ಹೇಳಿದ್ಮೇಲೆ ಒಂದು ವಾರ ಮಾತು ಬಿಟ್ಟಿದ್ರು. ನೆನ್ನೆ ತಾವೇ ರಿಜಿಸ್ಟರ್‌ಗೆ ಅಂತ ಆಧಾರ್ ಕಾರ್ಡ್ ಹುಡುಕಿ ತಂದ್ರು. ನೆಂಟ್ರು ಏನಂತಾರೋ ಗೊತ್ತಿಲ್ಲ... ಎಲ್ಲ ಸಲೀಸು ಅಂತ ಸುಳ್ಳು ಹೇಳಲ್ಲ."

"ನಂಗೆ ತುಂಬಾ ಸುಸ್ತಾಗಿದೆ ಹರಿ." ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು. "ಈಗ ಹೂಂ ಅಂದ್ರೆ, ಸೂರಿಗೋಸ್ಕರ ಅಂದ ಹಾಗಾಗಲ್ಲ ತಾನೇ?"

"ಸೂರು ಆಗ್ಲೇ ಸಿಕ್ಕಿದೆಯಲ್ಲ."

"ಹಂಗಾದ್ರೆ... ಹೂಂ."

"ನಾನು... ನಾನೀಗ ಏನು ಹೇಳ್ಬೇಕು?"

ಅವಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಜಾಗ ಮಾಡಿದಳು.

"ಏನೂ ಬೇಡ. ಸ್ವಲ್ಪ ಹೊತ್ತು ಪಕ್ಕ ಕೂತ್ಕೊ."