ಅಪ್ಪನ ಬೆಸುಗೆ

"ಇನ್ನೊಂದ್ಸಲ ಹೊಡೆದು ನೋಡು, ಬ್ಲಾಂಕಾ."

ಒಟಕರ ಗಾಜಿಗೆ ಮುಖ ಒತ್ತಿ ನಿಂತಿದ್ದ. ಪ್ರಾಗ್ ಹತ್ತಿರದ, ಬ್ಲಾಂಕಾ ಉಕ್ಕು ಪರೀಕ್ಷಿಸುವ ಪ್ರಯೋಗಾಲಯದಲ್ಲಿ, ಆ ದಪ್ಪ ಗಾಜಿನ ಆಚೆ, ತೂಗುವ ಸುತ್ತಿಗೆ ಈಗಷ್ಟೇ ಬೆರಳುದ್ದದ ಉಕ್ಕಿನ ತುಂಡೊಂದನ್ನು ಮುರಿದಿತ್ತು. ಮುರಿದ ಮುಖ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಹಾಗೆ ಹೊಳೆದರೆ ಉಕ್ಕು ಪೆಡಸಾಗಿದೆ ಎಂದೇ ಅರ್ಥ.

"ಇದೇ ಕೊನೇದು ಕಣೋ. ಪರೀಕ್ಷೆಗೆ ಅಂತ ರಿಯಾಕ್ಟರಿನೊಳಗೆ ಇಟ್ಟಿದ್ದ ತುಂಡುಗಳೆಲ್ಲ ಮುಗಿದ್ವು. ಎಲ್ಲಾ ಹೀಗೇ ಮುರಿದಿವೆ."

"ಅಂದ್ರೆ?"

"ಅಂದ್ರೆ... ರಿಯಾಕ್ಟರಿನ ಗೋಡೆನೂ ಹೀಗೇ ಆಗಿದೆ. ಅದನ್ನ ಮತ್ತೆ ಶುರು ಮಾಡಬಾರದು ಅಂತ ವರದಿ ಬರೀಬೇಕು."

ಒಟಕರ ಆ ರಿಯಾಕ್ಟರ್ ಇರುವ ಅಣುಸ್ಥಾವರದ ಇಂಜಿನಿಯರ್. ಆದರೆ ಅವನಿಗೆ ಕೆಲಸದ ಚಿಂತೆಯಲ್ಲ. ಆ ಗೋಡೆಯನ್ನೂ ಈ ತುಂಡುಗಳನ್ನೂ ಬೆಸೆದವನು ತೀರಿಹೋದ ಅವನ ಅಪ್ಪ.

"ನಮ್ಮಪ್ಪ ಕೆಲಸಗೇಡಿ ಅಂತ ಬರೀತೀಯ ಹಾಗಾದ್ರೆ?"

"ನಾನೆಲ್ಲಿ ಹಾಗಂದೆ?"

"ಅಮ್ಮನಿಗೆ ಏನಂತ ಹೇಳ್ಲಿ? ಸೊಸೆಯಾಗಿ ಬರೋಳೇ ಅಪ್ಪನ ಹೆಸರು ಕೆಡಿಸಿದ್ಲು ಅಂತಾನಾ? ಮದುವೆನೂ ಬೇಡ, ಏನೂ ಬೇಡ."

ಹೊರಟೇಹೋದ. ಈ ಮಹರಾಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಸಲ ಫೋನೂ ಎತ್ತಲಿಲ್ಲ. ಬ್ಲಾಂಕಾ ವರದಿಯನ್ನು ಮುಂದಿಟ್ಟುಕೊಂಡು ಕೂತಳು.

'ಒಂದು ಅಂಕಿ ತಿದ್ದಿಬಿಟ್ಟರೆ ಅವನು ಸಿಗುತ್ತಾನೆ... ಆದರೆ ಆ ಗೋಡೆ ಬಿರಿದರೆ ಅದರ ಪಕ್ಕದಲ್ಲಿ ನಿಂತಿರುವವನೂ ಅವನೇ ಅಲ್ಲವೇ?'

ಅತ್ತಳು. ಇದ್ದದ್ದನ್ನು ಇದ್ದಂತೆಯೇ ಬರೆದು ಕಳಿಸಿದಳು. ಆಮೇಲೆ ಮೇಲಧಿಕಾರಿಯನ್ನು ಅಂಗಲಾಚಿ, ಉಗ್ರಾಣದಲ್ಲಿ ಉಳಿದಿದ್ದ ಇನ್ನೊಂದು ತುಂಡು ಬೇಡಿ ತಂದಳು. ಒಟಕರನಿಗೆ ಸಂದೇಶ ಹಾಕಿದಳು: ಒಂದೇ ಒಂದ್ಸಲ ಬಾ, ಆಮೇಲೆ ಕರೆಯಲ್ಲ.

ಮುಖ ಗಂಟಿಕ್ಕಿಕೊಂಡೇ ಬಂದ.

"ಇದೂ ನಿಮ್ಮಪ್ಪ ಬೆಸೆದಿದ್ದೇ. ರಿಯಾಕ್ಟರಿನೊಳಗೆ ಹೋಗದೆ ಹೊರಗೇ ಉಳಿದದ್ದು," ಎಂದು ಸುತ್ತಿಗೆ ಬಿಟ್ಟಳು.

ತುಂಡು ಮುರಿಯಲಿಲ್ಲ. ಬಾಗಿತು, ಅಷ್ಟೇ. ಅದನ್ನೆತ್ತಿ ಅವನ ಅಂಗೈಯಲ್ಲಿಟ್ಟಳು. ಹೊಡೆತಕ್ಕೆ ಬೆಚ್ಚಗಾಗಿತ್ತು.

"ನಿಮ್ಮಪ್ಪನ ಕೈಗುಣ ಇದು, ಒಟಾ. ಅವತ್ತು ಮುರಿದಿದ್ದು ಇಷ್ಟು ವರ್ಷ ವಿಕಿರಣ ತಿಂದು ಪೆಡಸಾದ ಉಕ್ಕು. ಅದರಲ್ಲಿ ಅವರ ತಪ್ಪೇನಿದೆ?"

ಅವನು ತುಂಡನ್ನು ಮುಷ್ಟಿಯಲ್ಲಿ ಹಿಡಿದು ಮಗುವಿನಂತೆ ಅತ್ತುಬಿಟ್ಟ.

"ನಿನ್ನ ಬಿಟ್ಟು ಇರಕ್ಕಾಗ್ತಿಲ್ಲ ಕಣೇ. ಆದ್ರೆ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ..."

"ವರದಿ ಕಳಿಸಿ ಆಯ್ತು. ಸ್ಥಾವರ ಮುಚ್ಚುತ್ತೆ."

"ಗೊತ್ತು. ನಡಿ, ಅಮ್ಮನ ಹತ್ರ ಹೋಗೋಣ."

"ನಾನೂನಾ? ಬಾಗಿಲಲ್ಲೇ ಬೈದು ಕಳಿಸ್ತಾರೆ."

"ಬೈದ್ರೆ ಇಬ್ರೂ ಬೈಸ್ಕೊಳ್ಳೋಣ. ಈ ತುಂಡನ್ನ ನೀನೇ ಅವಳ ಕೈಗೆ ಕೊಡು."